ದೇವರ ಮೇಲೆ ಹಾಕಿದ ಭಾರ ಯಾರ ತಲೆ ಮೇಲಿದೆ?

‘ಎಲ್ಲಾ ಭಾರ ಆ ಭಗವಂತನ ಮೇಲೆ ಹಾಕು. ಕಷ್ಟ ತಡ್ಕೊಳ್ಳೋ ಶಕ್ತಿ ಅವನೇ ಕೊಡ್ತಾನೆ. ಮನಸ್ಸಿಗೆ ಶಾಂತಿ ಸಿಗುತ್ತೆ.’

ಈ ಮಾತನ್ನು ಕೇಳದ ಒಂದು ಹೊಲಗೇರಿಯಾಗಲಿ, ಒಂದು ಮಾದಿಗರ ಹಟ್ಟಿಯಾಗಲಿ ಈ ನಾಡಿನಲ್ಲಿ ಇದ್ದರೆ ತೋರಿಸಿ. ಮಳೆ ಕೈಕೊಟ್ಟಾಗ ಕೇಳಿದ್ದೇವೆ. ಕೂಲಿ ಸಿಗದಾಗ ಕೇಳಿದ್ದೇವೆ. ಗುಡಿಸಲಿಗೆ ಬೆಂಕಿ ಬಿದ್ದ ಮಾರನೇ ದಿನ, ಬೂದಿ ಇನ್ನೂ ಬಿಸಿ ಇರುವಾಗಲೇ, ಊರಿನ ದೊಡ್ಡವರು ಬಂದು ಇದೇ ಮಾತು ಹೇಳಿ ಕಾಫಿ ಕುಡಿಯದೆ ವಾಪಸು ಹೋಗಿದ್ದಾರೆ. ನಮ್ಮ ಮನೆಯಲ್ಲಿ ಕಾಫಿ ಕುಡಿಯಲು ಅವರ ದೇವರು ಬಿಡುವುದಿಲ್ಲವಲ್ಲ!

ನನಗೆ ಇರುವುದು ಒಂದೇ ಪ್ರಶ್ನೆ. ದೇವರ ಮೇಲೆ ಹಾಕಿದ ಭಾರ ನಿಜಕ್ಕೂ ಎಲ್ಲಿಗೆ ಹೋಗುತ್ತದೆ? ಗಾಳಿಯಲ್ಲಿ ಕರಗುವುದಕ್ಕೆ ಭಾರವೇನು ಬೀಡಿ ಹೊಗೆಯೇ? ಒಬ್ಬ ಇಳಿಸಿದರೆ ಇನ್ನೊಬ್ಬ ಹೊರಬೇಕು. ದೇವರು ಹೊತ್ತನೆಂಬುದಕ್ಕೆ ಇವತ್ತಿನ ತನಕ ಸಾಕ್ಷಿ ಸಿಕ್ಕಿಲ್ಲ. ನಾವು ಹೊತ್ತಿದ್ದಕ್ಕೆ ನಮ್ಮ ಅಪ್ಪಂದಿರ ಹೆಗಲ ಮೇಲೆ ಜಡ್ಡುಗಟ್ಟಿದ ಚರ್ಮವೇ ಸಾಕ್ಷಿ.

ನಮ್ಮಪ್ಪ ಒಬ್ಬ ಜಮೀನ್ದಾರನ ಹತ್ತಿರ ಜೀತದಂಥ ಕೂಲಿಗೆ ಇದ್ದವನು. ಹಬ್ಬದ ಹಿಂದಿನ ದಿನ ಬಾಕಿ ಕೂಲಿ ಕೇಳಲು ಹೋದರೆ ಜಗಲಿ ಮೇಲಿಂದ ಒಂದೇ ಉತ್ತರ: ‘ದೇವ್ರಿದ್ದಾನೆ ಬಿಡ್ಲಾ, ಎಲ್ಲಾ ನೋಡ್ಕತಾನೆ.’ ಅಪ್ಪ ‘ಹೂಂ ಬುದ್ಧೀ’ ಅಂತ ಕೈಮುಗಿದು ಬರುತ್ತಿದ್ದ. ಕೊಡಬೇಕಾದವನು ಜಮೀನ್ದಾರ, ಜಾಮೀನು ನಿಂತವನು ದೇವರು! ಯಾವ ಕೋರ್ಟಿನಲ್ಲಿ ಈ ಜಾಮೀನುದಾರನನ್ನು ಹಿಡಿದು ತರುವುದು? ಕೂಲಿ ಕೊನೆಗೂ ಬರಲಿಲ್ಲ. ಅಪ್ಪನಿಗೆ ಸಿಕ್ಕ ಶಾಂತಿ ಎಂಥದ್ದೋ ನನಗೆ ಗೊತ್ತಿಲ್ಲ. ಜಮೀನ್ದಾರನಿಗೆ ಮಾತ್ರ ಪೂರ್ತಿ ಶಾಂತಿ ಸಿಕ್ಕಿತು.

ಗೆಳೆಯರೇ, ನಂಬಲಿಲ್ಲ ಎಂಬ ಆರೋಪವನ್ನು ನಮ್ಮ ಮೇಲೆ ಯಾರೂ ಹೊರಿಸಲಾರರು. ನಾವು ಬೇಕಾದಷ್ಟು ನಂಬಿದ್ದೇವೆ. ನಂಬಿದವರಿಗೆ ಏನಾಯಿತು ಅಂತ ಲೆಕ್ಕ ಕೇಳುವ ಹಕ್ಕು ನಮಗಿದೆ.

2021ರ ಸೆಪ್ಟೆಂಬರ್. ಕೊಪ್ಪಳ ಜಿಲ್ಲೆಯ ಮಿಯಾಪುರ. ಒಂದು ದಲಿತ ಕುಟುಂಬ ತಮ್ಮ ಪುಟ್ಟ ಮಗುವಿನ ಹುಟ್ಟಿದ ಹಬ್ಬಕ್ಕೆ ಹನುಮಂತನಿಗೆ ಕೈಮುಗಿಯಲು ಹೋಗುತ್ತದೆ. ಒಳಗೆ ಹೋಗುವುದಕ್ಕಲ್ಲ, ಹೊರಗೆ ನಿಂತು ಮುಗಿಯುವುದಕ್ಕೆ. ಅಷ್ಟು ನಂಬಿಕೆ, ಅಷ್ಟೇ ವಿಧೇಯತೆ! ಮಳೆ ಬರುತ್ತದೆ. ಮಗು ಗುಡಿಯೊಳಕ್ಕೆ ಓಡುತ್ತದೆ. ಮಗುವಿಗೆ ಜಾತಿ ಗೊತ್ತಿಲ್ಲ, ಮಳೆ ಮಾತ್ರ ಗೊತ್ತು. ಊರಿನ ಹಿರಿಯರು ಸೇರಿ ಗುಡಿ ಶುದ್ಧಿಗೆಂದು ಆ ಕುಟುಂಬದ ಮೇಲೆ ಇಪ್ಪತ್ತು ಸಾವಿರ ರೂಪಾಯಿಗೂ ಮೇಲೆ ದಂಡ ಹಾಕುತ್ತಾರೆ. ಸುದ್ದಿ ಹೊರಗೆ ಬಂದು, ಅಧಿಕಾರಿಗಳು ಬಂದು, ಪೊಲೀಸರು ಬಂದ ಮೇಲೆ ಹಿರಿಯರಿಗೆ ಕಾನೂನು ನೆನಪಾಯಿತು. ದೂರು ಕೊಡುವುದಕ್ಕೂ ಆ ಕುಟುಂಬ ಹೆದರಿತ್ತು. ಊರಲ್ಲಿ ಬದುಕಬೇಕಲ್ಲ! ಎದೆ ಸೀಳಿ ರಾಮನನ್ನು ತೋರಿಸಿದ ಹನುಮಂತ ಒಂದು ಕೂಸಿಗೆ ಸೂರು ತೋರಿಸಲಿಲ್ಲ.

ಮಾರನೇ ವರ್ಷ, 2022ರ ಸೆಪ್ಟೆಂಬರ್. ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿ. ಗ್ರಾಮದೇವತೆಯ ಉತ್ಸವದಲ್ಲಿ ಒಬ್ಬ ಹದಿನೈದು ವರ್ಷದ ದಲಿತ ಹುಡುಗ ಉತ್ಸವಮೂರ್ತಿಯ ಕೋಲನ್ನು ಮುಟ್ಟಿದ. ದೇವರನ್ನಲ್ಲ, ಕೋಲನ್ನು! ಅದಕ್ಕೆ 60,000 ರೂಪಾಯಿ ದಂಡ, ಕಟ್ಟದಿದ್ದರೆ ಊರು ಬಿಡಿ ಎಂಬ ಅಪ್ಪಣೆ. ಕೂಲಿ ಮಾಡುವ ತಾಯಿ. ಅರವತ್ತು ಸಾವಿರ ಎಲ್ಲಿಂದ ತರಬೇಕು? ದೇವರ ಮೇಲೆ ಭಾರ ಹಾಕಿ ಅನ್ನುವ ದೇಶದಲ್ಲಿ ದೇವರ ಭಾರಕ್ಕೆ ಒಂದು ಬೆರಳು ಸೋಕಿಸುವ ಹಕ್ಕೂ ನಮಗಿಲ್ಲ.

ಆ ತಾಯಿ ಏನು ಮಾಡಿದಳು ಅನ್ನುವುದನ್ನು ಎಲ್ಲರೂ ನೆನಪಿಡಬೇಕು. ನಾವು ಮುಟ್ಟಿದರೆ ದೇವರಿಗೆ ಆಗುವುದಿಲ್ಲ ಅನ್ನುವುದಾದರೆ ಅಂಥ ದೇವರು ನಮಗೂ ಬೇಡ ಅಂದಳು. ಮನೆಯಲ್ಲಿದ್ದ ದೇವರ ಪಟಗಳನ್ನು ತೆಗೆದಳು. ಅಂಬೇಡ್ಕರ್ ಪಟ ಇಟ್ಟಳು. ಯಾವ ವಿಚಾರ ಸಂಕಿರಣಕ್ಕೂ ಹೋಗದ ಹೆಂಗಸು, ಅರ್ಧ ಶತಮಾನದ ವೈಚಾರಿಕ ಚಳವಳಿ ಹೇಳಬೇಕಾಗಿದ್ದನ್ನು ಒಂದು ಮೊಳೆಯಲ್ಲಿ ಹೇಳಿದಳು.

ಇದೇ ಮಾತನ್ನು ನಮ್ಮ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲೇ ಹೇಳಿದ್ದರು. ದೇವರ ಪಟಗಳನ್ನು ಮನೆಯಿಂದ ಆಚೆ ಹಾಕಿ ಎಂದು ದಲಿತರಿಗೆ ಕರೆ ಕೊಟ್ಟಿದ್ದರು. ಎಂಥ ಗದ್ದಲ ಎದ್ದಿತ್ತು! 1973ರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದದ್ದಕ್ಕೆ ಅವರ ಮಂತ್ರಿಗಿರಿಯೇ ಹೋಯಿತು, ಹಾಸ್ಟೆಲುಗಳಲ್ಲಿ ನಮ್ಮ ಹುಡುಗರು ಏಟು ತಿಂದರು. ಅವರನ್ನು ಬೂಸಾ ಮಂತ್ರಿ ಅಂತಲೇ ನೆನಪಿಟ್ಟುಕೊಂಡಿರುವ ಪಂಡಿತರು ಅವರು ಮಾಡಿದ ಇನ್ನೊಂದು ಕೆಲಸವನ್ನು ಮರೆತುಬಿಡುತ್ತಾರೆ. ಆ ಕೆಲಸದ ಮಾತಿಗೆ ಆಮೇಲೆ ಬರುತ್ತೇನೆ.

ಕಷ್ಟಕಾಲದಲ್ಲಿ ದೇವರನ್ನು ನಂಬಿ ಅಂತಾರಲ್ಲ, ಸವದತ್ತಿ ಗುಡ್ಡಕ್ಕೆ ಹೋಗಿ ಕೇಳಿ. ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿಸಿದ ತಾಯ್ತಂದೆಯರು ರಾಕ್ಷಸರಾಗಿರಲಿಲ್ಲ. ಮಗಳ ತಲೆಯಲ್ಲಿ ಜಡೆ ಬಿತ್ತು, ಎಲ್ಲವ್ವ ಕರೆದಳು ಅಂತ ನಂಬಿದರು. ಮನೆಯಲ್ಲಿ ಕಾಯಿಲೆ, ಹೊಲದಲ್ಲಿ ಬರ, ಗಂಡುಮಗ ಇಲ್ಲ. ಹರಕೆ ಹೊತ್ತರು. ನೆಮ್ಮದಿ ಬೇಕಿತ್ತು ಅವರಿಗೆ. ಕೊಟ್ಟ ಬೆಲೆ ಒಂದು ಹುಡುಗಿಯ ಬದುಕು. ಮುತ್ತು ಕಟ್ಟಿಸಿಕೊಂಡವರು ಯಾರು? ನಮ್ಮ ಕೇರಿಯ ಹೆಣ್ಣುಮಕ್ಕಳು. ಆ ಮೇಲೆ ಅವರ ಮನೆಯ ಬಾಗಿಲು ತಟ್ಟಿದವರು ಯಾರು? ಊರಿನ ಗೌಡರು, ದೇಸಾಯರು. 1982ರಲ್ಲಿ ಸರ್ಕಾರ ದೇವದಾಸಿ ನಿಷೇಧ ಕಾಯ್ದೆ ಮಾಡಿತು. ಕಾಯ್ದೆಯಾಗಿ ಇಪ್ಪತ್ತೈದು ವರ್ಷವಾದ ಮೇಲೆ, 2007-08ರಲ್ಲಿ, ಸರ್ಕಾರವೇ ಎಣಿಸಿದಾಗ ಸಿಕ್ಕ ದೇವದಾಸಿಯರು 46 ಸಾವಿರಕ್ಕೂ ಹೆಚ್ಚು. ತಾಯ್ತಂದೆಯರು ದೇವಿಯ ಮೇಲೆ ಹಾಕಿದ ಭಾರವನ್ನು ಮಗಳು ಹೊತ್ತಳು.

ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ಮಾಡುತ್ತಿದ್ದ ಹೆಂಗಸರೂ ಮೋಜಿಗೆ ಬಟ್ಟೆ ಬಿಚ್ಚಿದವರಲ್ಲ. ಮಕ್ಕಳಾಗಲಿ ಅಂತ, ರೋಗ ವಾಸಿಯಾಗಲಿ ಅಂತ, ಗಂಡ ಬದುಕಲಿ ಅಂತ ವರದಾ ನದಿಯಲ್ಲಿ ಮುಳುಗಿ ಗುಡ್ಡ ಹತ್ತಿದವರು. 1986ರಲ್ಲಿ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರು ಬೇಡಿ ಅಂತ ತಡೆಯಲು ಹೋದರೆ, ಜನರನ್ನು ಎತ್ತಿಕಟ್ಟಿದರು. ತಡೆಯಲು ಹೋದವರನ್ನೇ ಬೆತ್ತಲೆ ಮಾಡಿ ಹೊಡೆದರು. ಪೊಲೀಸರನ್ನೂ ಬಿಡಲಿಲ್ಲ. ಹಾಗಾದರೆ ಆ ಹೆಂಗಸರಿಗೆ ಬೇಕಾಗಿದ್ದೇನು? ಒಂದು ಆಸ್ಪತ್ರೆ, ಒಬ್ಬಳು ಡಾಕ್ಟರು, ಒಂದಿಷ್ಟು ಹೊಟ್ಟೆ ತುಂಬ ಊಟ. ಅದನ್ನು ಕೊಡಬೇಕಾದ ವ್ಯವಸ್ಥೆ ತನ್ನ ಪಾಲಿನ ಭಾರವನ್ನು ರೇಣುಕಾಂಬೆಯ ಮೇಲೆ ಹಾಕಿ ಕೈತೊಳೆದುಕೊಂಡಿತ್ತು.

ಇಷ್ಟಾದ ಮೇಲೂ ಉಪದೇಶ ಮಾಡುವವರ ಜೋಳಿಗೆಯಲ್ಲಿ ಇನ್ನೊಂದು ಅಸ್ತ್ರ ಇರುತ್ತದೆ. ಕಷ್ಟ ತೀರದಿದ್ದರೆ ಅದು ನಿನ್ನ ಕರ್ಮ. ಹೋದ ಜನ್ಮದಲ್ಲಿ ನೀನು ಮಾಡಿದ್ದು. ಪಡೆದು ಬಂದದ್ದು. ಇದು ಬರೀ ಹಳ್ಳಿಯ ಪುರೋಹಿತನ ಮಾತಲ್ಲ. 1934ರ ಜನವರಿಯಲ್ಲಿ ಬಿಹಾರದಲ್ಲಿ ಭೂಕಂಪವಾಗಿ ಸಾವಿರಾರು ಜನ ಸತ್ತಾಗ ಗಾಂಧೀಜಿ ಅದನ್ನು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಅಂದರು. ನಮ್ಮ ಪರವಾಗಿಯೇ ಹೇಳಿದ ಮಾತು ಅಂತ ಕೆಲವರು ಸಂತೋಷಪಡಬಹುದು. ನಾನು ಪಡುವುದಿಲ್ಲ. ಭೂಮಿ ನಡುಗಿದಾಗ ಬಡವರ ಗೋಡೆಗಳೂ ಬೀಳುತ್ತವೆ. ಅಸ್ಪೃಶ್ಯರೂ ಸಾಯುತ್ತಾರೆ. ಮೇಲ್ಜಾತಿಯವನ ಪಾಪಕ್ಕೆ ಕೀಳ್ಜಾತಿಯವನನ್ನೂ ಹೂಳುವ ಈ ನ್ಯಾಯಾಧೀಶ ಎಂಥವನು? ಟಾಗೋರರು ಆಗಲೇ ಈ ಮಾತನ್ನು ಬಹಿರಂಗವಾಗಿ ವಿರೋಧಿಸಿದ್ದರು. ಪ್ರಕೃತಿಯ ಕಾರಣಕ್ಕೆ ಆದದ್ದನ್ನು ಪಾಪಪುಣ್ಯಕ್ಕೆ ಗಂಟುಹಾಕಬೇಡಿ ಎನ್ನುವುದು ಅವರ ವಾದ. ಇವತ್ತು ಶಿಕ್ಷೆ ಎನ್ನುವ ದೇವರು ಸರಿ ಅಂತ ಒಪ್ಪಿಕೊಂಡರೆ, ನಾಳೆ ನಮ್ಮ ಹುಟ್ಟೇ ಶಿಕ್ಷೆ ಅನ್ನುವವನಿಗೆ ಏನು ಉತ್ತರ ಕೊಡುವುದು?

ಇಲ್ಲಿ ನಮ್ಮವರೇ ಕೆಲವರು ಎದ್ದು ನಿಂತು ಕೇಳುತ್ತಾರೆ: ‘ಏನಯ್ಯಾ, ನಾಲ್ಕು ಅಕ್ಷರ ಕಲಿತ ಮಾತ್ರಕ್ಕೆ ನಿಮ್ಮವ್ವ ಮಾರಮ್ಮನ ಗುಡಿಗೆ ಹಚ್ಚೋ ದೀಪ ಆರಿಸ್ತೀಯಾ? ಏನೂ ಇಲ್ಲದೋರಿಗೆ ಅದೊಂದಾದರೂ ಬೇಡವಾ?’

ನ್ಯಾಯವಾದ ಪ್ರಶ್ನೆ. ಉತ್ತರ ಕೊಡುತ್ತೇನೆ. ನನ್ನ ಜಗಳ ನಮ್ಮವ್ವನ ದೀಪದ ಜೊತೆಗಲ್ಲ. ಯಾಕೆಂದರೆ ನಮ್ಮವ್ವನ ಭಕ್ತಿ ಮತ್ತು ಈ ಶಾಂತಿ ವ್ಯಾಪಾರಿಗಳ ಭಕ್ತಿ ಎರಡೂ ಬೇರೆ ಬೇರೆ ಜಾತಿಯವು. ನಮ್ಮವ್ವ ಮಾರಮ್ಮನ ಮುಂದೆ ನಿಂತು ಸುಮ್ಮನೆ ಶರಣಾಗುವುದಿಲ್ಲ. ಬೈಯುತ್ತಾಳೆ. ‘ನಿನ್ನ ಕಣ್ಣು ಇಂಗೋಗ, ನನ್ ಮಗೀಗೆ ಜ್ವರ ಬಂದು ಮೂರು ದಿನ ಆಯ್ತು, ಕೋಳಿ ಮಾತ್ರ ಬೇಕಾ ನಿಂಗೆ?’ ಅಂತ ಜಗಳಕ್ಕೆ ನಿಲ್ಲುತ್ತಾಳೆ. ಆಮೇಲೆ ಮಗುವನ್ನು ಎತ್ತಿಕೊಂಡು ಆರು ಮೈಲಿ ನಡೆದು ಆಸ್ಪತ್ರೆಗೂ ಹೋಗುತ್ತಾಳೆ. ಮಾರಿಹಬ್ಬದಲ್ಲಿ ಅಸಾದಿ ಎದ್ದು ನಿಂತು ದೇವತೆಯನ್ನೂ ಬಿಡದೆ, ಊರ ದೊಡ್ಡವರನ್ನೂ ಬಿಡದೆ ಬೈದು ಹಾಡುತ್ತಾನೆ. ಬೈಸಿಕೊಳ್ಳುವುದೇ ಅಲ್ಲಿ ಪೂಜೆ. ಮಂಟೇಸ್ವಾಮಿ ಹೊಲಸು ನಾರುವ ವೇಷದಲ್ಲಿ ಕಲ್ಯಾಣದ ಬಾಗಿಲಿಗೆ ಬಂದು ಶರಣರ ಬಣ್ಣ ಬಯಲು ಮಾಡಿದ ಕಥೆಯನ್ನು ನೀಲಗಾರರು ರಾತ್ರಿಯಿಡೀ ಹಾಡುತ್ತಾರೆ. ಬಾಗಿಲಲ್ಲಿ ತಡೆಸಿಕೊಂಡವನೇ ಅಲ್ಲಿ ದೇವರು! ನಮ್ಮ ಜನ ಕಟ್ಟಿಕೊಂಡ ದೇವರುಗಳು ಜಗಳಗಂಟ ದೇವರುಗಳು. ಕಷ್ಟ ಬಂದರೆ ಸುಮ್ಮನಿರು ಅನ್ನುವ ದೇವರು ನಮ್ಮ ಕೇರಿಗೆ ಹೊರಗಿನಿಂದ ಬಂದವನು.

ಕಲ್ಯಾಣದ್ದೇ ಮಾತು ಬಂತು. ಹನ್ನೆರಡನೇ ಶತಮಾನದ ಶರಣರು ದೇವರನ್ನು ನಂಬಿದವರೇ. ಆದರೆ ಆ ನಂಬಿಕೆ ಅವರನ್ನು ಮೂಲೆಯಲ್ಲಿ ಕೂರಿಸಲಿಲ್ಲ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ ಮಾಡಿಸಿತು. ಅದಕ್ಕೆ ಬಿಜ್ಜಳನ ಆಸ್ಥಾನ ಕೊಟ್ಟದ್ದು ಎಳೆಹೂಟೆ ಶಿಕ್ಷೆ ಅಂತ ಪರಂಪರೆ ಹೇಳುತ್ತದೆ. ಅಂಥ ನಂಬಿಕೆಯನ್ನು ಇವತ್ತಿನ ಪ್ರವಚನಕಾರರು ಕಾವಿ ಬಟ್ಟೆಯಲ್ಲಿ ಸೋಸಿ, ಹರಳಯ್ಯನ ರಕ್ತವನ್ನೆಲ್ಲ ತೆಗೆದು, ಮನಶ್ಶಾಂತಿಯ ಕಷಾಯ ಮಾಡಿ ಹಂಚುತ್ತಿದ್ದಾರೆ. ಬೆಳಗಾದರೆ ಟೀವಿಯಲ್ಲಿ ಅದೇ. ಮೊಬೈಲು ತೆಗೆದರೆ ಗುಲಾಬಿ ಹೂವಿನ ಚಿತ್ರದ ಕೆಳಗೆ ಅದೇ. ಕಳಿಸಿದವನು ಯಾರು ಅಂತ ನೋಡಿದರೆ ನಮ್ಮ ಕೇರಿಯಿಂದಲೇ ಓದಿ, ಮೀಸಲಾತಿಯಲ್ಲಿ ನೌಕರಿ ಹಿಡಿದು, ಪಟ್ಟಣದಲ್ಲಿ ಮನೆ ಕಟ್ಟಿ, ಗೃಹಪ್ರವೇಶಕ್ಕೆ ಸತ್ಯನಾರಾಯಣ ಪೂಜೆ ಮಾಡಿಸಿದ ಅಣ್ಣ! ಅಣ್ಣಾ, ನಿನ್ನ ಸ್ಕಾಲರ್‌ಷಿಪ್ಪು ಸತ್ಯನಾರಾಯಣ ಮಂಜೂರು ಮಾಡಿದ್ದಲ್ಲ. ನಿನ್ನ ಹಾಸ್ಟೆಲಿನ ಅನ್ನಕ್ಕೆ ಯಾರ್ಯಾರು ಬೀದಿಯಲ್ಲಿ ಲಾಠಿ ಏಟು ತಿಂದರು ಅನ್ನುವ ಕಥೆಯನ್ನು ಆ ಪೂಜೆಯ ಯಾವ ಅಧ್ಯಾಯದಲ್ಲಿ ಓದಿಸುತ್ತೀಯ?

ಈಗ ಬಸವಲಿಂಗಪ್ಪನವರ ಇನ್ನೊಂದು ಕೆಲಸದ ಮಾತು. ದೇವರಾಜ ಅರಸು ಮಂತ್ರಿಮಂಡಲದಲ್ಲಿ ಪೌರಾಡಳಿತ ಸಚಿವರಾಗಿ ಅವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದರು. ಭಾರ, ಭಾರ ಅಂತೀರಲ್ಲ ಸ್ವಾಮಿ, ಇದು ಭಾರ. ಬಕೇಟಿನಿಂದ ತಲೆಯ ಮೇಲೆ ಸೋರುವ ಭಾರ. ಈ ಭಾರ ಹೊತ್ತ ಹೆಂಗಸರು ಸಾವಿರಾರು ವರ್ಷ ಸಾವಿರಾರು ದೇವರಿಗೆ ಕೈಮುಗಿದಿದ್ದರು. ಯಾವ ದೇವರೂ ಕೈಚಾಚಿ ಆ ಬಕೇಟು ಇಳಿಸಲಿಲ್ಲ. ಒಬ್ಬ ದಲಿತ ಮಂತ್ರಿಯ ರುಜು ಇಳಿಸಿತು.

ಪೂರ್ತಿ ಇಳಿಸಿತೇ? ಇಲ್ಲ. 1993ರಲ್ಲಿ ಕಾಯ್ದೆ ಬಂತು. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ಇರುವ ಮನೆಗಳಿಂದ ಎತ್ತಂಗಡಿ ಮಾಡುವ ಒತ್ತಡ ಬಂದಾಗ ಭಂಗಿ ಸಮುದಾಯದ ಜನ ಪುರಸಭೆಯ ಮುಂದೆ ನಿಂತು ತಾವೇ ಮೈಮೇಲೆ ಮಲ ಸುರಿದುಕೊಂಡರು. ಇಡೀ ನಾಡು ಮೂಗು ಮುಚ್ಚಿಕೊಂಡು ಆ ಕಡೆ ತಿರುಗಿ ನೋಡಿತು. ಅಲ್ಲಿಯ ತನಕ ಅವರು ಸಲ್ಲಿಸಿದ ಪ್ರಾರ್ಥನೆಗಳು ಯಾರ ಕಿವಿಗೂ ಬಿದ್ದಿರಲಿಲ್ಲ. 2013ರಲ್ಲಿ ಇನ್ನೊಂದು ಕಾಯ್ದೆ. ಚರಂಡಿಗೆ ಇಳಿದು ಸತ್ತವರ ಮನೆಗೆ ಹತ್ತು ಲಕ್ಷ ಕೊಡಿ ಅಂತ 2014ರಲ್ಲಿ, ಮೂವತ್ತು ಲಕ್ಷ ಕೊಡಿ ಅಂತ 2023ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇದರ ಹಿಂದೆ ಕೋಲಾರದ ಚಿನ್ನದ ಗಣಿಯ ಪೌರಕಾರ್ಮಿಕ ಮನೆಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅಂಥವರು ಊರೂರು ತಿರುಗಿ ಸತ್ತವರ ಪಟ್ಟಿ ಮಾಡಿದ ದುಡಿಮೆ ಇದೆ. ಮ್ಯಾನ್‌ಹೋಲಿಗೆ ಇಳಿಯುವ ಮುಂಚೆ ನಮ್ಮ ಹುಡುಗ ಎದೆ ಮುಟ್ಟಿಕೊಂಡು ದೇವರನ್ನು ನೆನೆಯುತ್ತಾನೆ. ಅವನಿಗೆ ಬೇಕಾಗಿರುವುದು ಅವನನ್ನು ಇಳಿಸದ ಯಂತ್ರ, ಇಳಿಸಿದವನಿಗೆ ಜೈಲು.

ಬಾಬಾಸಾಹೇಬರು ನಡೆದ ದಾರಿಯನ್ನು ಒಂದು ಸಲ ನೋಡಿ. 1927ರ ಮಾರ್ಚಿಯಲ್ಲಿ ಮಹಾಡಿನ ಚೌದಾರ್ ಕೆರೆಯಲ್ಲಿ ಜನರೊಂದಿಗೆ ನೀರು ಮುಟ್ಟಿದರು. ಮೊದಲು ನೀರು. ದೇವರು ಆಮೇಲೆ. 1930ರ ಮಾರ್ಚಿಯಲ್ಲಿ ನಾಸಿಕದ ಕಾಳಾರಾಮ ಗುಡಿಯ ಮುಂದೆ ಸತ್ಯಾಗ್ರಹ ಶುರುವಾಯಿತು. ಗುಡಿಯೊಳಗೆ ಹೋದರೆ ನಮ್ಮ ಕಷ್ಟ ತೀರುತ್ತದೆಂಬ ಭ್ರಮೆ ಅವರಿಗೆ ಇರಲಿಲ್ಲ. ಮನುಷ್ಯರೆಂದು ಒಪ್ಪುತ್ತೀರೋ ಇಲ್ಲವೋ ಅನ್ನುವ ಪರೀಕ್ಷೆ ಅದು. ವರ್ಷಗಟ್ಟಲೆ ಕಾದರೂ ಬಾಗಿಲು ತೆರೆಯಲಿಲ್ಲ. 1935ರ ಅಕ್ಟೋಬರಿನಲ್ಲಿ ಯೇವಲಾದಲ್ಲಿ, ಹಿಂದೂವಾಗಿ ಹುಟ್ಟಿದ್ದೇನೆ, ಹಿಂದೂವಾಗಿ ಸಾಯುವುದಿಲ್ಲ ಎಂದು ಸಾರಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ಬುದ್ಧನ ಕಡೆ ನಡೆದರು. ಬುದ್ಧನೂ ಶಾಂತಿಯ ಮಾತೇ ಆಡಿದವನು ಅಂತ ನೀವು ಹೇಳಬಹುದು. ಹೌದು. ಆದರೆ ಅವನು ಭಾರ ಹೊರಲು ಯಾವ ದೇವರನ್ನೂ ತೋರಿಸಲಿಲ್ಲ. ದುಃಖ ಇದೆ, ಅದಕ್ಕೆ ಕಾರಣ ಇದೆ, ಕಾರಣ ಹುಡುಕಿ ತೆಗೆಯಬಹುದು ಅಂದ. ದುಃಖಕ್ಕೆ ಕಾರಣ ಇದೆ ಅಂತ ಗೊತ್ತಾದ ಗಳಿಗೆಯಿಂದ ಮನುಷ್ಯ ಸುಮ್ಮನೆ ಕೂರಲಾರ.

ಕೊನೆಗೆ ಎರಡು ಊರುಗಳ ಹೆಸರು ಹೇಳುತ್ತೇನೆ. 2000ದ ಮಾರ್ಚಿಯಲ್ಲಿ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. ತಿರುಗಿಸಿದ ಕೈ ಯಾವುದು ಅಂತ ಊರಿಗೆಲ್ಲ ಗೊತ್ತು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅದೇ 2014ರಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ಹೋಟೆಲಿಗೆ, ಕ್ಷೌರದಂಗಡಿಗೆ ಬರಬೇಡಿ ಅನ್ನುವುದರಿಂದ ಶುರುವಾದ ಜಗಳ ದಲಿತರ ಗುಡಿಸಲುಗಳಿಗೆ ಬೆಂಕಿ ಇಡುವ ತನಕ ಹೋಯಿತು. ಅಲ್ಲಿ ಜನ ಹತ್ತು ವರ್ಷ ಕೋರ್ಟಿಗೆ ಅಲೆದರು. ಸಂಘಟನೆ ಬೆನ್ನಿಗೆ ನಿಂತಿತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮಾರನೇ ತಿಂಗಳೇ ಹೈಕೋರ್ಟಿನಿಂದ ಬಹುಪಾಲು ಜನಕ್ಕೆ ಜಾಮೀನು ಸಿಕ್ಕಿದ್ದೂ ನಿಜ. ಹೋರಾಟ ಮುಗಿಯಿತು ಅಂತ ನಾನು ಹೇಳುತ್ತಿಲ್ಲ. ಎರಡೂ ಊರಿನವರು ದೇವರನ್ನು ನಂಬಿದವರೇ. ವ್ಯತ್ಯಾಸ ಆದದ್ದು ಕಟಕಟೆಯಲ್ಲಿ. ಹೆದರಿಸಿದರೂ ಬಾಯಿ ಬಿಡುವ ಸಾಕ್ಷಿ, ಆ ಸಾಕ್ಷಿಯ ಮನೆಗೆ ರಾತ್ರಿ ಕಾವಲು ಮಲಗುವ ಗೆಳೆಯರು, ಅವನ ಕೂಲಿ ಹೋದ ದಿನ ಅಕ್ಕಿ ತಂದು ಕೊಡುವ ನೆರೆಯವರು. ಕಷ್ಟಕಾಲದಲ್ಲಿ ಶಕ್ತಿ ಅನ್ನುವುದು ಹೀಗೆ ಬರುತ್ತದೆ.

ಆದ್ದರಿಂದ ಗೆಳೆಯರೇ, ಇನ್ನು ಮುಂದೆ ಯಾರಾದರೂ ನಮ್ಮ ಕೇರಿಗೆ ಬಂದು ದೇವರ ಮೇಲೆ ಭಾರ ಹಾಕಿ ಅಂದರೆ, ‘ನೀವು ಯಾವ ಭಾರ ಹೊರ್ತೀರಾ ಸ್ವಾಮಿ?’ ಅಂತ ಕೇಳೋಣ. ಕೂಲಿ ಬಾಕಿ ಇದ್ದರೆ ಮಂಡಿಸಿ ಲೆಕ್ಕ ಅನ್ನೋಣ. ಕೇರಿಯಲ್ಲಿ ಒಬ್ಬನ ಮೇಲೆ ಕೈಮಾಡಿದರೆ ಇಬ್ಬರು ಸ್ಟೇಷನ್ನಿಗೆ ಹೋಗೋಣ. ಓದು ಬಂದವರು ಎಫ್‌ಐಆರ್ ಪೂರ್ತಿ ಓದಿ, ದೌರ್ಜನ್ಯ ತಡೆ ಕಾಯ್ದೆಯ ಕಲಮು ಹಾಕಿದ್ದಾರೋ ಇಲ್ಲವೋ ನೋಡಿ ರುಜು ಮಾಡಿಸೋಣ. ಒಬ್ಬರು ಅವನ ತಾಯಿ ಜೊತೆ ಕೂತಿರೋಣ, ಅವಳು ಮಾರಮ್ಮನನ್ನು ಬೈಯುತ್ತಿದ್ದರೆ ಜೊತೆಗೆ ನಾವೂ ನಾಲ್ಕು ಬೈಯೋಣ. ಬೆಳಗ್ಗೆ ಎದ್ದು ಅವಳನ್ನೂ ಕರೆದುಕೊಂಡು ತಾಲ್ಲೂಕು ಕಚೇರಿಯ ಮುಂದೆ ಹೋಗಿ ಕೂರೋಣ. ಆ ದಿನದ ರಾಗಿಹಿಟ್ಟು ಯಾರ ಮನೆಯಿಂದ ಅಂತ ಹಿಂದಿನ ರಾತ್ರಿಯೇ ಮಾತಾಡಿಕೊಂಡಿರೋಣ.